ಪಾಯಕ್ಕೆ ಮೊದಲು ಛೇಂಬರ್ ನೋಡಿ: ನಾಸಿಕ್, ಸಂಭಾಜಿನಗರದ ಗುತ್ತಿಗೆದಾರರಿಗೆ ಒಂಬತ್ತು ಸೂತ್ರಗಳು

ವಿಜಯಪುರ, ಕಲಬುರಗಿ, ಬೀದರ್ ಕಡೆಯಿಂದ ಹೋಗಿ ಮಹಾರಾಷ್ಟ್ರದಲ್ಲಿ ಕಟ್ಟಡದ ಗುತ್ತಿಗೆ ಹಿಡಿದವರಿದ್ದಾರೆ. ಕಬ್ಬಿಣ, ಸಿಮೆಂಟಿನ ಲೆಕ್ಕ ಅವರಿಗೆ ಬಾಯಿಪಾಠ. ಒಳಚರಂಡಿ ಜೋಡಣೆ ಮಾತ್ರ ನೆನಪಾಗುವುದು ಗೋಡೆಗೆ ಬಣ್ಣ ಬಳಿಯುವ ಹೊತ್ತಿಗೆ. ಅಷ್ಟರಲ್ಲಿ ತಡವಾಗಿರುತ್ತದೆ, ಮನೆ ಕೊಂಡವರು ಬೀಗದ ಕೈ ಕೇಳುತ್ತಿರುತ್ತಾರೆ.

ಕೆಲಸಕ್ಕೆ ಇಳಿಯುವ ಮುನ್ನ ಒಂದು ಮಾತು ತಿಳಿದಿರಲಿ. ನಾಸಿಕ್‌ನ ನೀರು ಗೋದಾವರಿಯಲ್ಲಿ ಹರಿದು, ನಾಂದೂರ್ ಮಧಮೇಶ್ವರ ದಾಟಿ, ಪೈಠಣದ ಜಾಯಕವಾಡಿ ಜಲಾಶಯ ಸೇರುತ್ತದೆ. ಛತ್ರಪತಿ ಸಂಭಾಜಿನಗರದ ನಲ್ಲಿಗಳಲ್ಲಿ ಬರುವುದು ಅದೇ ಜಲಾಶಯದ ನೀರು. ಮೇಲಿನ ಊರಿನಲ್ಲಿ ಕಳ್ಳತನದಿಂದ ಹಳ್ಳಕ್ಕೆ ಬಿಟ್ಟ ಒಂದು ಪೈಪು ಕೆಳಗಿನ ಊರಿನ ಕೊಡಕ್ಕೆ ಸಂಬಂಧಪಟ್ಟದ್ದು.

1. ಛೇಂಬರಿನ ಆಳ ಅಳೆಯಿರಿ. ಪಾಯ ತೋಡುವ ಮೊದಲೇ ರಸ್ತೆಯ ಛೇಂಬರಿನ ಮುಚ್ಚಳವನ್ನು ಪಾಲಿಕೆಯ ಸಿಬ್ಬಂದಿಯ ಎದುರು ತೆಗೆಸಿ. ಮೇಲೆ ನಿಂತೇ ಅಳತೆಕೋಲು ಇಳಿಸಿ, ಕೊಳವೆಯ ತಳ ರಸ್ತೆಗಿಂತ ಎಷ್ಟು ಕೆಳಗಿದೆ ಎಂದು ಬರೆದುಕೊಳ್ಳಿ. 1.20 ಮೀಟರ್ ಬಂತು ಎನ್ನಿ. ನಿಮ್ಮ ಕೊನೆಯ ಛೇಂಬರಿನಿಂದ ಅಲ್ಲಿಗೆ 18 ಮೀಟರ್ ದೂರವಿದೆ. 150 ಮಿ.ಮೀ. ಪೈಪಿಗೆ ಅರವತ್ತಕ್ಕೆ ಒಂದರ ಇಳಿಜಾರು ಕೊಟ್ಟರೆ 30 ಸೆಂ.ಮೀ. ಇಳಿಯಬೇಕು. ಅಂದರೆ ನಿಮ್ಮ ಪೈಪು ಅದೇ ರಸ್ತೆಮಟ್ಟದಿಂದ 90 ಸೆಂ.ಮೀ. ಕೆಳಗೆ ಹೊರಬರಬೇಕು, ಅದಕ್ಕಿಂತ ಆಳದಲ್ಲಿ ಅಲ್ಲ. 100 ಮಿ.ಮೀ. ಪೈಪಾದರೆ ನಲವತ್ತಕ್ಕೆ ಒಂದು, ಇಳಿತ 45 ಸೆಂ.ಮೀ. ನೆಲಮಾಳಿಗೆಯಲ್ಲಿ ಶೌಚಾಲಯ ಇದ್ದರೆ ಪಂಪು ಬೇಕೇಬೇಕು. ಈ ನಾಲ್ಕು ಸಾಲಿನ ಲೆಕ್ಕ ಮಾಡದವರು ಮುಗಿದ ನೆಲವನ್ನೇ ಒಡೆಯಬೇಕಾಗುತ್ತದೆ.

2. ಯಾವ ಕಚೇರಿ ಎಂದು ಮೊದಲು ತಿಳಿಯಿರಿ. ಸಾತಪುರ, ಅಂಬಡ್, ವಾಳೂಜ್, ಚಿಕಲಠಾಣಾಗಳ ಕೈಗಾರಿಕಾ ನಿವೇಶನವಾದರೆ ರಾಜ್ಯದ ಕೈಗಾರಿಕಾ ಅಭಿವೃದ್ಧಿ ನಿಗಮವಾದ ಎಂಐಡಿಸಿ, ಊರೊಳಗಾದರೆ ಮಹಾನಗರಪಾಲಿಕೆ. ರಾಜ್ಯದ ನಗರಾಭಿವೃದ್ಧಿ ನಿಗಮವಾದ ಸಿಡ್ಕೊ ಮಾಡಿದ ಬಡಾವಣೆಯಾದರೆ ಚರಂಡಿಯ ಉಸ್ತುವಾರಿ ಈಗ ಯಾರ ಕೈಯಲ್ಲಿದೆ ಎಂದು ಬರಹದಲ್ಲೇ ಕೇಳಿ.

3. ಕಾಗದದ ಮರಾಠಿ ಕಲಿಯಿರಿ. ಮಲನಿಸ್ಸಾರಣ ಜೋಡಣಿ ಎಂದರೆ ಒಳಚರಂಡಿ ಸಂಪರ್ಕ. ನಾ ಹರಕತ್ ದಾಖಲಾ ಎಂದರೆ ನಿರಾಕ್ಷೇಪಣಾ ಪತ್ರ. ಥಕಬಾಕಿ ಎಂದರೆ ಕಟ್ಟದೆ ಉಳಿದ ಬಾಕಿ. ಭೋಗವಟಾ ಪ್ರಮಾಣಪತ್ರ ಎಂದರೆ ನಮ್ಮ ಸ್ವಾಧೀನಾನುಭವ ಪ್ರಮಾಣಪತ್ರ. ಕೊನೆಗೆ ಎಲ್ಲವೂ ಬಂದು ನಿಲ್ಲುವುದು ಇದರ ಮುಂದೆ. ಅರ್ಜಿಗೆ ಪರವಾನಗಿ ಇರುವ ಪ್ಲಂಬರ್‌ನ ಸಹಿ, ಮಂಜೂರಾದ ನಕ್ಷೆ ಜೊತೆಯಲ್ಲಿರಲಿ. ಮಹಾರಾಷ್ಟ್ರದಲ್ಲಿ 2015ರ ಸೇವಾ ಹಕ್ಕು ಕಾಯ್ದೆ ಇದೆ. ಸ್ವೀಕೃತಿ ರಸೀದಿ ಪಡೆಯದೆ ಕೌಂಟರ್ ಬಿಡಬೇಡಿ. ಗಡುವು ಮೀರಿದರೆ ಮೇಲ್ಮನವಿಗೆ ಆ ಚೀಟಿಯೇ ಆಧಾರ.

4. ರಸ್ತೆ ಅಗೆಯುವ ಅನುಮತಿ ಬೇರೆ. ಜೋಡಣೆಗೆ ಒಪ್ಪಿಗೆ ಸಿಕ್ಕಿತೆಂದು ರಾತ್ರೋರಾತ್ರಿ ಜೆಸಿಬಿ ತರಬೇಡಿ. ಮಳೆಗಾಲದಲ್ಲಿ ರಸ್ತೆ ಅಗೆತಕ್ಕೆ ತಡೆ ಇರುವುದೇ ಹೆಚ್ಚು. ನಾಸಿಕ್‌ನಲ್ಲಂತೂ 2027ರ ಸಿಂಹಸ್ಥ ಕುಂಭಮೇಳ ಎದುರಿಗಿದೆ. ಹೊಸ ಡಾಂಬರು ಬೀಳುವ ಮೊದಲು ನಿಮ್ಮ ಪೈಪು ರಸ್ತೆ ದಾಟಿರಲಿ.

5. ನೀರಿನ ಲೆಕ್ಕ ಪ್ರಾಮಾಣಿಕವಾಗಿ ಕೊಡಿ. ತಲೆಗೆ ದಿನಕ್ಕೆ 135 ಲೀಟರ್, ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಬರುತ್ತದೆ ಎಂಬುದು ರೂಢಿಯ ಅಂದಾಜು. ನೂರು ಮನೆ, ಮನೆಗೆ ಐದು ಜನ ಎಂದರೆ ದಿನಕ್ಕೆ 54,000 ಲೀಟರ್. ನಿರ್ಮಾಣದ ವಿಸ್ತೀರ್ಣ 20,000 ಚದರ ಮೀಟರ್ ಮುಟ್ಟಿದರೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿಯೂ ಬೇಕು. ಅದು ಕೈಗೆ ಬರುವವರೆಗೆ ಗುದ್ದಲಿ ಎತ್ತುವಂತಿಲ್ಲ.

6. ಒಳಚರಂಡಿ ಮತ್ತು ಹಳ್ಳ ಒಂದೇ ಅಲ್ಲ. ಈ ಗೊಂದಲವೇ ಎರಡೂ ಊರುಗಳ ನದಿಗಳನ್ನು ಕೊಂದದ್ದು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ. ಸಾರ್ವಜನಿಕ ಒಳಚರಂಡಿಗೆ ಬಿಡುವ ತ್ಯಾಜ್ಯನೀರಿನ ಬಿಒಡಿ (ಕೊಳೆಯನ್ನು ಕರಗಿಸಲು ಜೀವಾಣುಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಲೀಟರಿಗೆ 350 ಮಿಲಿಗ್ರಾಂವರೆಗೆ ಇರಬಹುದು. ನದಿ, ಹಳ್ಳಕ್ಕಾದರೆ 30 ಮಾತ್ರ. ವ್ಯತ್ಯಾಸ ಏಕೆ? ಒಳಚರಂಡಿಯ ತುದಿಯಲ್ಲಿ ತಪೋವನ, ಆಗರ ಟಾಕಳಿ, ಕಾಂಚನವಾಡಿಯಂಥ ಶುದ್ಧೀಕರಣ ಘಟಕ ಕಾದಿರುತ್ತದೆ. ಹಳ್ಳದ ತುದಿಯಲ್ಲಿ ಯಾರೂ ಇಲ್ಲ. ನಾಸಿಕ್‌ನ ನಾಸರ್ಡಿ, ವಾಘಾಡಿ, ಸಂಭಾಜಿನಗರದ ಖಾಮ್, ಸುಖನಾ ನದಿಗಳಿಗೆ ಹೀಗೇ ಒಂದೊಂದು ಪೈಪು ಸೇರುತ್ತ ಹೋಯಿತು. ಗೋದಾವರಿಯ ಮಾಲಿನ್ಯ 2012ರಲ್ಲಿ ಬಾಂಬೆ ಹೈಕೋರ್ಟಿನ ಮೆಟ್ಟಿಲೇರಿತು. ಖಾಮ್ ನದಿಯ ದಂಡೆಯನ್ನು ಪಾಲಿಕೆಯೂ ನಾಗರಿಕರೂ ಸೇರಿ ಕೆಲವು ವರ್ಷಗಳಿಂದ ಚೊಕ್ಕಟ ಮಾಡುತ್ತಿದ್ದಾರೆ. ಆದ್ದರಿಂದ ಮಳೆನೀರಿನ ಪೈಪನ್ನು ಒಳಚರಂಡಿಗೆ, ಕೊಳಚೆಯ ಪೈಪನ್ನು ಮಳೆ ಚರಂಡಿಗೆ ಕೂಡಿಸಲೇಬೇಡಿ. ಎಷ್ಟೇ ಹತ್ತಿರವಿದ್ದರೂ ಬೇಡ. ಕಾರ್ಖಾನೆಯ ಕೆಲಸವಾದರೆ 1974ರ ಜಲ ಕಾಯ್ದೆಯಂತೆ ಮಹಾರಾಷ್ಟ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಎರಡು ಹಂತದಲ್ಲಿ ಬೇಕು: ಕಟ್ಟುವ ಮೊದಲು ಒಂದು, ನಡೆಸುವ ಮೊದಲು ಇನ್ನೊಂದು.

7. ಕಾಂಕ್ರೀಟು ತೊಳೆದ ನೀರನ್ನು ಬಿಡಬೇಡಿ. ಮಿಕ್ಸರ್ ತೊಳೆದ ನೀರಿನ ಪಿಎಚ್ 12ರ ಹತ್ತಿರ ಇರುತ್ತದೆ; ಹೊರಬಿಡುವ ಮಿತಿ 5.5ರಿಂದ 9. ಕೈಗೆ ತಗುಲಿದರೆ ಚರ್ಮ ಸುಡುವ ನೀರದು. ಅದರೊಳಗಿನ ಸಿಮೆಂಟು ಪೈಪಿನಲ್ಲಿ ಗಟ್ಟಿಯಾಗಿ ಕೂತರೆ ತೆಗೆಯುವುದು ದೇವರಿಗೇ ಪ್ರೀತಿ. ಸೈಟಿನ ಮೂಲೆಯಲ್ಲಿ ತಳಕ್ಕೆ ಹಾಳೆ ಹಾಸಿದ ಎರಡು ಹೊಂಡ ಮಾಡಿ. ಮೊದಲನೆಯದರಲ್ಲಿ ಕೆಸರು ನಿಲ್ಲಲಿ, ಎರಡನೆಯದರ ತಿಳಿಯನ್ನು ಮತ್ತೆ ಮಿಕ್ಸರ್ ತೊಳೆಯಲು ಬಳಸಿ.

8. ಮನುಷ್ಯನನ್ನು ಒಳಗೆ ಇಳಿಸಬೇಡಿ. ಹಳೆಯ ಛೇಂಬರಿಗೆ ಪೈಪು ಕೂಡಿಸುವಾಗ ಕಟ್ಟಿಕೊಂಡಿದ್ದನ್ನು ಬಿಡಿಸಲು ಒಬ್ಬ ಹುಡುಗನನ್ನು ಹಗ್ಗ ಕಟ್ಟಿ ಇಳಿಸುವ ರೂಢಿ ಇನ್ನೂ ಸತ್ತಿಲ್ಲ. ಕೆಳಗೆ ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಇದೆ ಎಂದರ್ಥ. ಆದರೆ ವಾಸನೆ ಇಲ್ಲವೆಂದು ಧೈರ್ಯ ಮಾಡುವಂತಿಲ್ಲ, ಏಕೆಂದರೆ ಅದು ಹೆಚ್ಚಾದಾಗ ಮೂಗನ್ನೇ ಮರಗಟ್ಟಿಸುತ್ತದೆ. ಮೊದಲನೆಯವನು ಕುಸಿಯುತ್ತಾನೆ, ಎತ್ತಲು ಹೋದ ಎರಡನೆಯವನೂ ಕುಸಿಯುತ್ತಾನೆ. ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ಇಂಥ ಅಪಾಯಕಾರಿ ಕೆಲಸ ಮಾಡಿಸುವುದನ್ನು ನಿಷೇಧಿಸಿದೆ. ಮೊದಲ ಸಲಕ್ಕೇ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರವೆಂದು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ ಹೇಳಿದೆ. ಸಕ್ಕಿಂಗ್ ಮತ್ತು ಜೆಟ್ಟಿಂಗ್ ಯಂತ್ರದ ಬಾಡಿಗೆಯನ್ನು ಟೆಂಡರಿನ ದರದಲ್ಲೇ ಸೇರಿಸಿ. ಒಳಚರಂಡಿ ಸ್ವಚ್ಛತೆಯ ಸಹಾಯವಾಣಿ 14420 ಎಂದು ಸೈಟಿನ ಫಲಕದ ಮೇಲೆ ಬರೆಸಿ.

9. ಮಣ್ಣು ಮುಚ್ಚುವ ಮೊದಲು ಪರೀಕ್ಷೆ. ಎರಡೂ ಊರುಗಳಲ್ಲಿ ಎರೆಮಣ್ಣು, ಅದರ ಕೆಳಗೆ ಕರಿಕಲ್ಲು. ಎರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಪೈಪಿನ ಸಂದು ಬಿಡುವುದು ಹೀಗೆ. ಅಗೆದ ಎರೆಯನ್ನೇ ಪೈಪಿನ ಸುತ್ತ ತುಂಬದೆ, ಮರಳೋ ಸಣ್ಣ ಜಲ್ಲಿಯೋ ಹಾಕಿ. ಪೈಪಿನ ಕೆಳತುದಿ ಮುಚ್ಚಿ ನೀರು ತುಂಬಿಸಿ, ಮಟ್ಟ ಇಳಿಯುತ್ತದೆಯೇ ನೋಡಿ. ಆಮೇಲೆ ಟೇಪು ಹಿಡಿದು ಪ್ರತಿ ಸಂದಿನ ಫೋಟೊ ತೆಗೆಯಿರಿ, ಛೇಂಬರುಗಳ ಅಂತರ, ಆಳ ಬರೆದ ನಕ್ಷೆ ಮಾಡಿ. ಒಂದು ಪ್ರತಿ ಪಾಲಿಕೆಗೆ. ಇನ್ನೊಂದನ್ನು ಮರಾಠಿಯಲ್ಲಿ ಬರೆಸಿ, ಸೊಸೈಟಿಯ ಕಾರ್ಯದರ್ಶಿಯ ಕೈಗೆ ಬೀಗದ ಕೈಗಳ ಜೊತೆಗೇ ಕೊಡಿ.