ಕಳ್ಳಗಾಳಿ

ಮೋಟಾರುಸೈಕಲು ಪೆಟ್ರೋಲಿನಿಂದ ಓಡುತ್ತದೆಂಬುದು ಎಲ್ಲರೂ ಬಲ್ಲ ಮಾತು. ಆದರೆ ಅದರ ಎಂಜಿನು ಪೆಟ್ರೋಲಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಗಾಳಿಯನ್ನು ಸೇವಿಸುತ್ತದೆಂಬುದನ್ನು ಬಲ್ಲವರು ಕಡಿಮೆ. ಒಂದು ಗ್ರಾಂ ಪೆಟ್ರೋಲು ಪೂರ್ಣವಾಗಿ ಉರಿಯಬೇಕಾದರೆ ಸುಮಾರು 15 ಗ್ರಾಂ ಗಾಳಿ ಬೇಕು. ಈ ಪ್ರಮಾಣವನ್ನು ಕಾಪಾಡುವ ಹೊಣೆ ಕಾರ್ಬುರೇಟರ್ ಎಂಬ ಸಾಧನದ್ದು. ಶೋಧಕದಲ್ಲಿ ಧೂಳನ್ನು ಕಳೆದುಕೊಂಡು ಬಂದ ಗಾಳಿಗೆ ಅದು ತಕ್ಕಷ್ಟು ಪೆಟ್ರೋಲನ್ನು ಬೆರೆಸಿ ಎಂಜಿನಿಗೆ ಕಳುಹಿಸುತ್ತದೆ. ಕಾರ್ಬುರೇಟರನ್ನು ದಾಟಿದ ಮೇಲೆ ಯಾವುದಾದರೊಂದು ಸೀಳಿನಿಂದ ಹೊರಗಿನ ಗಾಳಿ ಒಳನುಗ್ಗಿದರೆ ಅದು ಲೆಕ್ಕಕ್ಕೆ ಸಿಗದ ಗಾಳಿ. ಅದನ್ನು ನಾವು ಕಳ್ಳಗಾಳಿ ಎಂದು ಕರೆಯೋಣ.

ಶಿಗ್ಗಾಂವಿ ತಾಲ್ಲೂಕಿನ ಹಿರೇಬೆಂಡಿಗೇರಿಯಲ್ಲಿ ಒಬ್ಬ ರೈತನಿರುವನೆಂದು ಭಾವಿಸಿರಿ. ಅವನು ದಿನವೂ ಹೊಲಕ್ಕೂ ಸಂತೆಗೂ ಹಳೆಯ ಮೋಟಾರುಸೈಕಲಿನ ಮೇಲೆ ಹೋಗಿಬರುತ್ತಾನೆ. ಬೇಸಗೆಯ ಬಿಸಿಲು, ಮಣ್ಣುದಾರಿಯ ಕುಲುಕಾಟ, ಎಂಜಿನಿನ ಕಾವು ಇವುಗಳಿಂದ ಕಾರ್ಬುರೇಟರಿಗೂ ಎಂಜಿನಿಗೂ ನಡುವೆ ಇರುವ ರಬ್ಬರಿನ ಕೊಳವೆ ಗಡುಸಾಗಿ ಬಿರಿಯುತ್ತದೆ. ಕೆಲವೊಮ್ಮೆ ಕ್ಲಿಪ್ಪು ಸಡಿಲುತ್ತದೆ. ಕೆಲವೊಮ್ಮೆ ಕೀಲಿನ ಪ್ಯಾಕಿಂಗು ಹರಿಯುತ್ತದೆ. ಗಾಡಿ ವೇಗವಾಗಿ ಓಡುವಾಗ ತೊಂದರೆ ತೋರುವುದಿಲ್ಲ. ಸಂತೆಯಲ್ಲಿ ನಿಲ್ಲಿಸಿ ಥ್ರಾಟಲನ್ನು ಬಿಟ್ಟೊಡನೆ ಎಂಜಿನು ಒಮ್ಮೆ ಅಬ್ಬರಿಸುತ್ತದೆ, ಒಮ್ಮೆ ತಡವರಿಸುತ್ತದೆ, ಕೊನೆಗೆ ನಿಂತೇ ಹೋಗುತ್ತದೆ.

ನಿಂತಾಗಲೇ ಹೀಗಾಗುವುದೇಕೆ? ಹಂಡೆ ತುಂಬಿದ ಮಜ್ಜಿಗೆಗೆ ಒಂದು ಲೋಟ ನೀರು ಬೆರೆತರೆ ರುಚಿ ಕೆಡದು. ಒಂದು ಬಟ್ಟಲು ಮಜ್ಜಿಗೆಗೆ ಅಷ್ಟೇ ನೀರು ಬೆರೆತರೆ ಅದು ಮಜ್ಜಿಗೆಯಾಗಿ ಉಳಿಯದು. ವೇಗವಾಗಿ ಓಡುವ ಎಂಜಿನು ಹಂಡೆಯಂತೆ. ಸಾವಕಾಶವಾಗಿ ತಿರುಗುವ ಎಂಜಿನು ಬಟ್ಟಲಿನಂತೆ. ಅಲ್ಲದೆ, ಥ್ರಾಟಲು ಮುಚ್ಚಿರುವಾಗ ಪಿಸ್ಟನ್ನಿನ ಸೆಳೆತದಿಂದ ಕೊಳವೆಯೊಳಗೆ ಒತ್ತಡವು ಬಹಳ ಕಡಿಮೆಯಾಗುತ್ತದೆ. ಆಗ ಕೂದಲೆಳೆಯಷ್ಟು ಸೀಳಿದ್ದರೂ ಹೊರಗಿನ ಗಾಳಿ ರಭಸದಿಂದ ನುಗ್ಗುತ್ತದೆ.

ಇಂಥ ಸಮಯದಲ್ಲಿ ಅನೇಕರು ಐಡ್ಲಿಂಗ್ ಸ್ಕ್ರೂವನ್ನು ತಿರುಗಿಸಿ ವೇಗವನ್ನು ಏರಿಸಿಬಿಡುತ್ತಾರೆ. ಎಂಜಿನು ಆಗ ನಿಲ್ಲುವುದಿಲ್ಲ; ಆದರೆ ರೋಗ ಗುಣವಾಗುವುದಿಲ್ಲ, ಅದರ ಲಕ್ಷಣ ಮಾತ್ರ ಮರೆಯಾಗುತ್ತದೆ. ಇದರ ಫಲವು ಘೋರವಾಗಬಹುದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ ಎಂಬ ಹೆಸರಿನಿಂದಲೂ 1973ರಿಂದ ಯೆಜ್ಡಿ ಎಂಬ ಹೆಸರಿನಿಂದಲೂ ಮೋಟಾರುಸೈಕಲುಗಳು ತಯಾರಾದವು. ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಆ ಗಾಡಿಗಳನ್ನು ಜತನದಿಂದ ಓಡಿಸುವವರು ಇಂದಿಗೂ ಇದ್ದಾರೆ. ಎರಡು ಹೊಡೆತದ ಆ ಎಂಜಿನುಗಳಲ್ಲಿ ಪಿಸ್ಟನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನಲ್ಲಿಯೇ ಬೆರೆಸುತ್ತಾರೆ. ಕಳ್ಳಗಾಳಿಯಿಂದ ಮಿಶ್ರಣದಲ್ಲಿ ಪೆಟ್ರೋಲಿನ ಪಾಲು ಇಳಿದರೆ ಎಣ್ಣೆಯ ಪಾಲೂ ಇಳಿಯುತ್ತದೆ, ಕಾವು ಏರುತ್ತದೆ. ಪಿಸ್ಟನ್ನು ಸಿಲಿಂಡರಿನಲ್ಲಿ ಕಚ್ಚಿಕೊಂಡರೆ ಓಡುವ ಗಾಡಿಯ ಹಿಂದಿನ ಗಾಲಿಯೇ ಬಿಗಿದು ನಿಲ್ಲಬಹುದು. ಆಗ ಸವಾರನ ಪ್ರಾಣಕ್ಕೇ ಸಂಚಕಾರ.

ಆದುದರಿಂದ ಮೊದಲು ಕಾರಣವನ್ನು ಹುಡುಕಬೇಕು. ವೈದ್ಯನು ನಾಡಿಯನ್ನು ನೋಡದೆ ಮದ್ದು ಕೊಡುವುದಿಲ್ಲ. ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಎಂಜಿನನ್ನು ನಡೆಸುತ್ತ ಹ್ಯಾಂಡಲನ್ನು ಎಡಬಲಕ್ಕೆ ತಿರುಗಿಸಬೇಕು. ಅದರೊಡನೆ ಎಂಜಿನಿನ ವೇಗವೂ ಬದಲಾದರೆ ದೋಷವಿರುವುದು ಥ್ರಾಟಲಿನ ತಂತಿಯಲ್ಲಿ, ಗಾಳಿಯಲ್ಲಲ್ಲ. ಹಾಗಾಗದಿದ್ದರೆ, ಎಂಜಿನು ಕಾದ ಮೇಲೆ ಚೋಕನ್ನು ಸ್ವಲ್ಪ ಎಳೆಯಬೇಕು. ತಡವರಿಸುತ್ತಿದ್ದ ಎಂಜಿನು ಆಗ ಸರಾಗವಾಗಿ ತಿರುಗಿದರೆ ಮಿಶ್ರಣದಲ್ಲಿ ಪೆಟ್ರೋಲು ಕಡಿಮೆಯೆಂದು ತಿಳಿಯುತ್ತದೆ. ಇದಕ್ಕೆ ಕಾರಣ ಕಳ್ಳಗಾಳಿಯೂ ಇರಬಹುದು, ಕಾರ್ಬುರೇಟರಿನ ಸಣ್ಣ ಜೆಟ್ಟು ಕಸದಿಂದ ಕಟ್ಟಿರುವುದೂ ಇರಬಹುದು.

ಇವೆರಡನ್ನು ಬೇರ್ಪಡಿಸಲು ಸುಲಭವಾದ ಪರೀಕ್ಷೆಯೊಂದುಂಟು. ಎಂಜಿನು ಸಾವಕಾಶವಾಗಿ ತಿರುಗುತ್ತಿರುವಾಗ ಕೊಳವೆಯ ಒಂದೊಂದು ಕೀಲಿಗೂ ಸಾಬೂನುನೀರನ್ನು ಹನಿಹನಿಯಾಗಿ ಬಿಡಬೇಕು. ಸೀಳಿರುವ ಕಡೆ ನೀರು ಅದನ್ನು ಕ್ಷಣಕಾಲ ಮುಚ್ಚುತ್ತದೆ, ಒಳಕ್ಕೂ ಸೆಳೆಯಲ್ಪಡುತ್ತದೆ. ಒಡನೆಯೇ ಎಂಜಿನಿನ ಸದ್ದು ಬದಲಾಗುತ್ತದೆ. ಹನಿ ಬಿದ್ದಲ್ಲಿ ಸದ್ದು ಬದಲಾದರೆ ಕಳ್ಳನು ಅಲ್ಲಿಯೇ ಸಿಕ್ಕಿಬಿದ್ದಂತೆ. ಈ ಪರೀಕ್ಷೆಗೆ ಪೆಟ್ರೋಲನ್ನಾಗಲಿ ಹೊತ್ತಿಸಿದ ಊದುಬತ್ತಿಯನ್ನಾಗಲಿ ಎಂದಿಗೂ ಬಳಸಬಾರದು. ಕಾದ ಎಂಜಿನಿನ ಬಳಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ.

ಎರಡು ಹೊಡೆತದ ಎಂಜಿನಿನಲ್ಲಿ ಇನ್ನೊಂದು ಗುಪ್ತದ್ವಾರವುಂಟು. ಅಲ್ಲಿ ಮಿಶ್ರಣವು ಮೊದಲು ಕ್ರ್ಯಾಂಕ್‌ಕೇಸಿಗೆ ಬಂದು ಅಲ್ಲಿಂದ ಸಿಲಿಂಡರಿಗೆ ಏರುತ್ತದೆ. ಆದಕಾರಣ ಕ್ರ್ಯಾಂಕಿನ ತುದಿಯಲ್ಲಿರುವ ಆಯಿಲ್ ಸೀಲು ಸವೆದರೂ ಕಳ್ಳಗಾಳಿ ನುಗ್ಗುತ್ತದೆ. ಸವೆದ ಸೀಲು ಎಣ್ಣೆಯಿರುವ ಬದಿಯದಾದರೆ ಗಾಳಿಯ ಬದಲು ಎಣ್ಣೆ ಒಳಸೇರಿ ದಟ್ಟವಾದ ಹೊಗೆ ಬರುತ್ತದೆ.

ದೋಷ ಗೊತ್ತಾದ ಮೇಲೆ ಚಿಕಿತ್ಸೆ ಕಷ್ಟವಲ್ಲ. ಬಿರಿದ ರಬ್ಬರನ್ನೂ ಹರಿದ ಪ್ಯಾಕಿಂಗನ್ನೂ ಬದಲಿಸಬೇಕು. ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಸಮನಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಕಾರ್ಬುರೇಟರಿನ ಅಂಚೇ ಬಾಗಿ ಹೊಸ ಸಂದು ಉಂಟಾಗುತ್ತದೆ. ಐಡ್ಲಿಂಗ್ ಸ್ಕ್ರೂವಿನ ಸರದಿ ಬರುವುದು ಎಲ್ಲಕ್ಕೂ ಕೊನೆಯಲ್ಲಿ. ನಮ್ಮ ದೇಶದಲ್ಲಿ 2020ರಿಂದೀಚೆಗೆ ತಯಾರಾದ ಬಹುಪಾಲು ಮೋಟಾರುಸೈಕಲುಗಳಲ್ಲಿ ಕಾರ್ಬುರೇಟರಿಗೆ ಬದಲು ವಿದ್ಯುನ್ಮಾನ ಸಾಧನವೇ ಪೆಟ್ರೋಲನ್ನು ಅಳೆದು ಕೊಡುತ್ತದೆ. ಆದರೂ ಕೊಳವೆ ಬಿರಿದರೆ ಲೆಕ್ಕ ತಪ್ಪುವುದು ತಪ್ಪಿದ್ದಲ್ಲ.

ಕೈಗೆ ಸುಲಭವಾಗಿ ಸಿಗುವ ಸ್ಕ್ರೂವನ್ನು ತಿರುಗಿಸುವುದು ಯಾರಿಗೂ ಸಾಧ್ಯ. ಒಂದೊಂದೇ ಕಾರಣವನ್ನು ಒರೆಗೆ ಹಚ್ಚಿ, ಅಲ್ಲದುದನ್ನು ಕೈಬಿಟ್ಟು, ಉಳಿದುದನ್ನು ಹಿಡಿಯುವವನೇ ನಿಜವಾದ ಕುಶಲಕರ್ಮಿ. ವಿಜ್ಞಾನದ ಮಾರ್ಗವೂ ಇದೇ. ಅದು ಪ್ರಯೋಗಶಾಲೆಯಲ್ಲಿ ಹೇಗೋ ಮರದ ನೆರಳಿನ ಗ್ಯಾರೇಜಿನಲ್ಲಿಯೂ ಹಾಗೆಯೇ ಫಲ ಕೊಡುತ್ತದೆ.

ಅಭ್ಯಾಸ

1. ಕಳ್ಳಗಾಳಿ ಎಂದರೇನು? ಅದು ಯಾವ ಯಾವ ಕಡೆಗಳಿಂದ ನುಗ್ಗಬಹುದು?
2. ಹಂಡೆ ಮತ್ತು ಬಟ್ಟಲಿನ ಹೋಲಿಕೆಯಿಂದ ಲೇಖಕರು ಏನನ್ನು ವಿವರಿಸಿದ್ದಾರೆ?
3. ‘ರೋಗ ಗುಣವಾಗುವುದಿಲ್ಲ, ಅದರ ಲಕ್ಷಣ ಮಾತ್ರ ಮರೆಯಾಗುತ್ತದೆ’ – ಈ ಮಾತನ್ನು ಸಂದರ್ಭದೊಡನೆ ವಿವರಿಸಿರಿ.
4. ಸಾಬೂನುನೀರಿನ ಪರೀಕ್ಷೆಯನ್ನು ನಿಮ್ಮ ಮಾತುಗಳಲ್ಲಿ ಬರೆಯಿರಿ.