ಬಿ.ಎ. ಓದಿ ಬಾಣಸಿಗನಾಗಬಹುದೇ?

ಪ್ರಶ್ನೆ: ಬಿ.ಎ. ಮುಗಿಸಿದ್ದೇನೆ. ಊರಿನ ಜಾತ್ರೆ, ಮದುವೆಗಳಲ್ಲಿ ಅಡುಗೆಯವರ ಜೊತೆ ನಿಂತು ನೂರಾರು ಮಂದಿಗೆ ಮಾಡಿಹಾಕಿದ ರೂಢಿಯಿದೆ. ಶೆಫ್ ಆಗುತ್ತೇನೆ ಅಂದರೆ ಅಪ್ಪ, ‘ಇಷ್ಟು ಓದಿಸಿದ್ದು ಒಲಿ ಮುಂದ ಕುಂಡ್ರಾಕೇನು?’ ಅನ್ನುತ್ತಾರೆ. ಮತ್ತೆ ಮೂರು ವರ್ಷ ಹೋಟೆಲ್ ಮ್ಯಾನೇಜ್‌ಮೆಂಟ್ ಓದಬೇಕೇ?
– ಓದುಗ, ಹಲಸಂಗಿ

ಉತ್ತರ: ಬೇಕಿಲ್ಲ. ಬೆಂಗಳೂರಿನ ಐಎಚ್ಎಂನಂಥ ಸರ್ಕಾರಿ ಸಂಸ್ಥೆಗಳ 3 ವರ್ಷದ ಬಿ.ಎಸ್ಸಿ. ಪಿಯುಸಿ ಆದವರನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು. ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ ಬರೆಯಬೇಕು. ಅಲ್ಲಿ ಅಡುಗೆಯ ಜೊತೆಗೆ ರಿಸೆಪ್ಷನ್, ಕೋಣೆಗಳ ನಿರ್ವಹಣೆ, ಬಡಿಸುವ ಕ್ರಮ ಎಲ್ಲವೂ ಇರುತ್ತವೆ. ಅಡುಗೆಮನೆಯೊಂದೇ ಸಾಕೆಂದರೆ ಒಂದೂವರೆ ವರ್ಷದ ಕ್ರಾಫ್ಟ್ ಕೋರ್ಸ್ ಇಲ್ಲವೇ ಐಟಿಐಯ 1 ವರ್ಷದ ‘ಫುಡ್ ಪ್ರೊಡಕ್ಷನ್’ ಟ್ರೇಡ್ ಸೇರಿ. ಎರಡಕ್ಕೂ ಎಸ್ಸೆಸ್ಸೆಲ್ಸಿ ಸಾಕು.

ಫೀ ಕಟ್ಟುವ ಮೊದಲು ವಿಜಯಪುರದಲ್ಲೋ ಸೊಲ್ಲಾಪುರದಲ್ಲೋ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಕೆಲವು ತಿಂಗಳು ದುಡಿಯಿರಿ. ಜಾತ್ರೆಯ ಅಡುಗೆ ಒಂದು ಹೊತ್ತಿನದು. ಹೋಟೆಲಿನಲ್ಲಿ ಅದೇ ಪಲ್ಯ, ಅದೇ ರುಚಿ, ಕೇಳಿದ ಗಳಿಗೆಗೆ, ದಿನವೂ ಆಗಬೇಕು. ನಿಮ್ಮ ಮನೆಯಲ್ಲಿ ದೀಪಾವಳಿ ಇದ್ದ ದಿನವೇ ಅಲ್ಲಿ ಹೆಚ್ಚು ಗಿರಾಕಿ. ಕಮಿ ಎಂಬ ಕೆಳಗಿನ ಮೆಟ್ಟಿಲಲ್ಲಿ ಈರುಳ್ಳಿ ಸುಲಿಯುವುದರಿಂದ ಶುರು. ಆಮೇಲೆ ಶೆಫ್ ದ ಪಾರ್ಟಿ, ಸೂ ಶೆಫ್, ಎಕ್ಸಿಕ್ಯುಟಿವ್ ಶೆಫ್. ಮೇಲೇರಿದಂತೆ ಸೌಟಿಗಿಂತ ಸಾಮಾನಿನ ಪಟ್ಟಿ, ಖರ್ಚಿನ ಲೆಕ್ಕ, ಮೆನು ಬರವಣಿಗೆ ಹೆಚ್ಚಾಗುತ್ತವೆ. ಓದು ಅಲ್ಲಿ ಕೆಲಸಕ್ಕೆ ಬರುತ್ತದೆಂದು ಅಪ್ಪನಿಗೆ ಹೇಳಿ. 1924ರಲ್ಲಿ ಎಂಟಿಆರ್ ಕಟ್ಟಿದ ಮಯ್ಯ ಸಹೋದರರೂ ಮೊದಲು ಅಡುಗೆಯವರೇ.

ಪ್ರಶ್ನೆ: ನಾನು ಬಿ.ಎಸ್ಸಿ. ಪದವೀಧರೆ. ಅವ್ವ ಬಡಿಯುವ ಕಡಕ್ ರೊಟ್ಟಿ, ಶೇಂಗಾ ಹಿಂಡಿಗೆ ಊರಲ್ಲಿ ಹೆಸರಿದೆ. ಪಟ್ಟಣಕ್ಕೆ ಹೋಗದೆ ಇದರಲ್ಲೇ ಬದುಕಬಹುದೇ?
– ಓದುಗಿ, ಇಂಡಿ

ಉತ್ತರ: ಬದುಕಬಹುದು, ಅವ್ವನ ಕೈಯಳತೆಯನ್ನು ಗ್ರಾಂ ಲೆಕ್ಕಕ್ಕೆ ಇಳಿಸಿದರೆ. ಹಿಟ್ಟು, ನೀರು, ಉಪ್ಪು, ಖಾರ ಎಲ್ಲ ತೂಗಿ ಬರೆದಿಡಿ. ಕಡಕ್ ರೊಟ್ಟಿಯ ಶತ್ರು ತೇವ; ಪೂರ್ತಿ ಒಣಗಿ ಆರದೆ ಪ್ಯಾಕ್ ಮಾಡಿದರೆ ಮೆತ್ತಗಾಗಿ ಬೂಸ್ಟು ಹಿಡಿಯುತ್ತದೆ. ಶೇಂಗಾ ಹಿಂಡಿ ಗಾಳಿ ತಾಗಿದರೆ ಕಮಟು ವಾಸನೆ ಹೊಡೆಯುತ್ತದೆ. ಇಂಡಿಯ ಲಿಂಬೆಗೆ 2023ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ, ಉಪ್ಪಿನಕಾಯಿಯನ್ನೂ ಸೇರಿಸಿಕೊಳ್ಳಿ. ಎಫ್‌ಎಸ್‌ಎಸ್‌ಎಐ ನೋಂದಣಿ ಇಲ್ಲದೆ ಮಾರಬೇಡಿ. ಕಿರು ಆಹಾರ ಉದ್ದಿಮೆಗಳಿಗೆ 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆಯಡಿ ಕೇಂದ್ರದ ಸಹಾಯಧನ ಯೋಜನಾ ವೆಚ್ಚದ ಶೇ 35, ಗರಿಷ್ಠ 10 ಲಕ್ಷ ರೂಪಾಯಿ. ಅದು ಬ್ಯಾಂಕ್ ಸಾಲದ ಜೊತೆ ಬರುವಂಥದ್ದು. ಈಗಿನ ನಿಯಮಗಳನ್ನು ಕೃಷಿ ಇಲಾಖೆಯಲ್ಲಿ ಕೇಳಿಕೊಳ್ಳಿ. ಮುಂದೆ ಓದುವ ಮನಸ್ಸಿದ್ದರೆ ಮೈಸೂರಿನ ಸಿಎಫ್‌ಟಿಆರ್‌ಐಯಲ್ಲಿ ಆಹಾರ ತಂತ್ರಜ್ಞಾನದ ಎಂ.ಎಸ್ಸಿ. ಇದೆ.

ಪ್ರಶ್ನೆ: ಒಂದು ವರ್ಷದ ಡಿಪ್ಲೊಮಾ ಮಾಡಿದರೆ ದುಬೈನಲ್ಲಿ ಕುಕ್ ಕೆಲಸ ಗ್ಯಾರಂಟಿ ಎಂದು ಏಜೆಂಟರೊಬ್ಬರು ದುಡ್ಡು ಕೇಳುತ್ತಿದ್ದಾರೆ. ಕೊಡಲೇ?
– ಓದುಗ, ಸಿಂದಗಿ

ಉತ್ತರ: ಕೊಡಬೇಡಿ. 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಕ್ಕೆ ಜನ ಕಳಿಸುವ ಏಜೆಂಟರು ಕೇಂದ್ರ ಸರ್ಕಾರದಲ್ಲಿ ನೋಂದಾಯಿಸಿರಬೇಕು. ಆ ನೋಂದಣಿ ಸಂಖ್ಯೆಯನ್ನು ಇ-ಮೈಗ್ರೇಟ್ ತಾಣದಲ್ಲಿ ನೀವೇ ತಾಳೆ ನೋಡಿ. ಸಂಬಳ, ಊಟ, ವಸತಿ, ದುಡಿಮೆಯ ತಾಸು ಬರೆದ ಕರಾರು ಪತ್ರ ಕೈಗೆ ಬರುವವರೆಗೆ ಒಂದು ರೂಪಾಯಿಯನ್ನೂ ಬಿಚ್ಚಬೇಡಿ.