ಆರ್ಡರ್ ಇದ್ದವರಿಗೆ ಸಾಲ

ರಿಸರ್ವ್ ಬ್ಯಾಂಕ್ ತಾನು ಬ್ಯಾಂಕುಗಳಿಗೆ ಕೊಡುವ ಸಾಲದ ಬಡ್ಡಿಯನ್ನು, ಅಂದರೆ ರೆಪೊ ದರವನ್ನು, ಇಳಿಸಿತೆಂದು ಮರುದಿನ ಯಾರೂ ಸಾಲಕ್ಕೆ ಓಡಿ ಬರುವುದಿಲ್ಲ. ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ಸಾಲ ಕೊಡುವ ಮೇಜಿನಲ್ಲಿ ಕೂತು ನಾನು ಕಲಿತ ಮೊದಲ ಪಾಠ ಇದು.

2019ರ ಫೆಬ್ರುವರಿಯಿಂದ ಅಕ್ಟೋಬರ್ ಒಳಗೆ ರೆಪೊ ಶೇ 6.50ರಿಂದ 5.15ಕ್ಕೆ ಬಂತು. ನಮ್ಮ ಹಳೆಯ ಸಾಲಗಾರರ ಬಡ್ಡಿ ಅಷ್ಟು ಇಳಿಯಲಿಲ್ಲ. ಹಳೆಯ ಎಫ್‌ಡಿಗಳಿಗೆ ಒಪ್ಪಿದ ಬಡ್ಡಿಯನ್ನು ಅವಧಿ ಮುಗಿಯುವವರೆಗೆ ಬ್ಯಾಂಕು ಕೊಡಲೇಬೇಕಲ್ಲ. ಹೊಸ ಗೃಹಸಾಲ, ಸಣ್ಣ ಉದ್ಯಮದ ಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕೆಂಬ ನಿಯಮ ಜಾರಿಯಾದದ್ದು ಆ ಅಕ್ಟೋಬರ್‌ನಲ್ಲಿ.

ಕೋವಿಡ್ ಬಂದ ಮೇಲೆ, 2020ರ ಮೇ ಹೊತ್ತಿಗೆ ರೆಪೊ ಶೇ 4 ಆಯಿತು. ಅದಕ್ಕೂ ಮೊದಲೇ ಸಿಆರ್‌ಆರ್, ಅಂದರೆ ಬ್ಯಾಂಕುಗಳು ಠೇವಣಿಯಲ್ಲಿ ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕಾದ ಪಾಲು, ಶೇ 4ರಿಂದ 3ಕ್ಕೆ ಇಳಿದಿತ್ತು. ಬ್ಯಾಂಕುಗಳಲ್ಲಿ ಹಣಕ್ಕೆ ಬರವಿರಲಿಲ್ಲ. ಆದರೆ ಗಟ್ಟಿ ಗಿರಾಕಿಗಳ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆಯಲ್ಲಿ ಲಿಮಿಟ್ ಬಳಕೆಯಾಗದೆ ಹಾಗೇ ಉಳಿದಿತ್ತು. 'ಆರ್ಡರೇ ಇಲ್ಲ ಸಾರ್, ಬಡ್ಡಿ ಕಮ್ಮಿ ಅಂತ ದುಡ್ಡು ತಗೊಂಡು ಏನ್ ಮಾಡ್ಲಿ?' ಎನ್ನುತ್ತಿದ್ದರು.

ಇನ್ನು, ನಿಜಕ್ಕೂ ಹಣ ಬೇಕಿದ್ದವರಿಗೆ ನಾವು ಕೊಡುವಂತಿರಲಿಲ್ಲ. ಸಿಸಿಯಲ್ಲಿ ಎಷ್ಟು ಹಣ ತೆಗೆಯಬಹುದೆಂಬುದನ್ನು ಡ್ರಾಯಿಂಗ್ ಪವರ್ ತೀರ್ಮಾನಿಸುತ್ತದೆ. ಅದರ ಲೆಕ್ಕ ನಿಲ್ಲುವುದು ಗೋದಾಮಿನ ಸರಕು ಮತ್ತು ಬರಬೇಕಾದ ಬಿಲ್ಲುಗಳ ಮೇಲೆ. ಮಾರಾಟ ನಿಂತರೆ ಬಿಲ್ಲಿಲ್ಲ. ದೊಡ್ಡ ಕಂಪನಿ ದುಡ್ಡು ತಡಮಾಡಿದರೆ ಹಳತಾದ ಬಿಲ್ಲನ್ನು ಲೆಕ್ಕದಿಂದ ತೆಗೆಯುತ್ತೇವೆ. ಹೀಗೆ ಮಾರುಕಟ್ಟೆಯಲ್ಲಿ ಬೇಡಿಕೆ ಕುಸಿದಾಗಲೇ ಸಾಲದ ಬಾಗಿಲೂ ಕಿರಿದಾಗುತ್ತದೆ. ರೆಪೊ ದರ ಈ ಲೆಕ್ಕವನ್ನು ಮುಟ್ಟುವುದೇ ಇಲ್ಲ. ಸಾಲವಾಗದ ಹಣ ಶೇ 3.35ರ ರಿವರ್ಸ್ ರೆಪೊಗೆ, ಮರಳಿ ರಿಸರ್ವ್ ಬ್ಯಾಂಕಿಗೇ ಹೋಯಿತು.

ಆಗ ಕೈಹಿಡಿದದ್ದು ಕೇಂದ್ರ ಸರ್ಕಾರದ ಖಾತರಿ: ಮೂರು ಲಕ್ಷ ಕೋಟಿ ರೂಪಾಯಿಯ ತುರ್ತು ಸಾಲ ಯೋಜನೆ, ಬಾಕಿ ಸಾಲದ ಶೇ 20ರಷ್ಟು ಹೆಚ್ಚುವರಿ ಹಣ. ನಾವು ಸಾಲಗಾರನ ಖಾತೆಗೆ ಬರೆದ ಮೊತ್ತ ಕೆಲವೇ ದಿನಗಳಲ್ಲಿ ಕಾರ್ಮಿಕರ ಸಂಬಳವಾಗಿ, ಕಬ್ಬಿಣದ ವ್ಯಾಪಾರಿಯ ಠೇವಣಿಯಾಗಿ ಕಾಣಿಸುತ್ತಿತ್ತು. ಸಾಲ ಕೊಟ್ಟಾಗಲೇ ಠೇವಣಿ ಹುಟ್ಟುತ್ತದೆ ಎಂಬುದನ್ನು ಪುಸ್ತಕಕ್ಕಿಂತ ಚೆನ್ನಾಗಿ ನನಗೆ ತಿಳಿಸಿದ್ದು ಆ ಖಾತೆಗಳು.

2022ರ ಮೇಯಿಂದ 2023ರ ಫೆಬ್ರುವರಿವರೆಗೆ ರೆಪೊ ಶೇ 6.50ಕ್ಕೆ ಏರಿತು. ಗೃಹಸಾಲದವರು ಇಎಂಐ ಬಗ್ಗೆ ಕಂಗಾಲಾದರು. ಲೇತ್ ಕೊಳ್ಳಲು ಕೊಟೇಶನ್ ಹಿಡಿದು ಬಂದವರು ಮಾತ್ರ ಬಡ್ಡಿ ಕೇಳಿದ್ದು ಕೊನೆಗೆ. ಮೊದಲು ಕೇಳಿದ್ದು, ಹಣ ಯಾವತ್ತು ಬಿಡುಗಡೆಯಾಗುತ್ತದೆ ಎಂದು.